‘ಗದರಿಸದೆ ಇವರು ಕೇಳಲ್ಲ ಮೇಡಂ’ ಅನ್ನುವ ಸಿಬ್ಬಂದಿ ಜೊತೆ ಕೆಲಸ ಮಾಡುವುದು ಹೇಗೆ?

ಪ್ರಶ್ನೆ: ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ) ಓದಿದ್ದೇನೆ. ಮೈಸೂರಿನ ಹೊರವಲಯದ ಒಂದು ಗ್ರೂಪ್ ಹೋಮ್‌ನಲ್ಲಿ ಆರು ತಿಂಗಳಿಂದ ಸೂಪರ್‌ವೈಸರ್ ಆಗಿದ್ದೇನೆ. ಅಂಗವಿಕಲ ಮಕ್ಕಳ ತಂದೆತಾಯಿಗಳೇ ಸೇರಿ ಮಾಡಿದ ಟ್ರಸ್ಟ್ ಇದು. ಈಗ ಒಂಬತ್ತು ಜನ ವಯಸ್ಕರು ಇಲ್ಲಿದ್ದಾರೆ. ಕೆಲವರಿಗೆ ಬೌದ್ಧಿಕ ಅಂಗವೈಕಲ್ಯ, ಕೆಲವರಿಗೆ ಆಟಿಸಂ, ಇಬ್ಬರಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ). ಮೂವರಿಗೆ ಫಿಟ್ಸ್ ಬರುತ್ತದೆ. ಐದು ಜನ ಕೇರ್‌ಟೇಕರ್‌ಗಳು ಇದ್ದಾರೆ, ಎಲ್ಲರೂ ನನಗಿಂತ ದೊಡ್ಡವರು. ಅವರಲ್ಲಿ ಒಬ್ಬ ಅಕ್ಕ ಎಂಟು ವರ್ಷದಿಂದ ಇದ್ದಾರೆ. ಕೆಲಸದಲ್ಲಿ ಎತ್ತಿದ ಕೈ. ಆದರೆ ಜೋರು ಜಾಸ್ತಿ. 34 ವರ್ಷದ ಒಬ್ಬರು ಸಂಜೆ ಹೊತ್ತು ಕಿರುಚಲು ಶುರು ಮಾಡಿದರೆ ರೂಮಿಗೆ ಕಳಿಸಿ ಹೊರಗಿನಿಂದ ಚಿಲಕ ಹಾಕುತ್ತಾರೆ. ಕೇಳಿದರೆ ‘ಗದರಿಸದೆ ಇವರು ಕೇಳಲ್ಲ ಮೇಡಂ, ನಿಮಗೆ ಗೊತ್ತಾಗಲ್ಲ’ ಅನ್ನುತ್ತಾರೆ. ಹೋದ ವಾರ ಇನ್ನೊಬ್ಬ ನಿವಾಸಿಯ ತೋಳಿನ ಮೇಲೆ ಕಂದುಗಟ್ಟಿದ ಗುರುತು ಕಂಡಿತು. ಅವರಿಗೆ ಮಾತು ಬರುವುದಿಲ್ಲ. ಸಿಬ್ಬಂದಿಯಲ್ಲಿ ಯಾರಿಗೂ ಏನೂ ಗೊತ್ತಿಲ್ಲವಂತೆ. ರಾತ್ರಿ ಡ್ಯೂಟಿಯವರು ನಿದ್ದೆ ಮಾಡುತ್ತಾರೆ. ಈ ವರ್ಷ ಇಬ್ಬರು ಕೆಲಸ ಬಿಟ್ಟು ಗಾರ್ಮೆಂಟ್ಸ್‌ಗೆ ಹೋದರು. ಟ್ರಸ್ಟಿಗಳು ‘ಸಿಸಿಟಿವಿ ಹಾಕಿಸೋಣ, ಆದರೆ ಆ ಅಕ್ಕನಿಗೆ ಬೇಜಾರು ಮಾಡಬೇಡಿ’ ಅನ್ನುತ್ತಾರೆ. ನಾನು ಪೊಲೀಸ್ ಥರ ಇರಬೇಕಾ, ಸ್ನೇಹದಿಂದ ಇರಬೇಕಾ? ಒಮ್ಮೊಮ್ಮೆ ಕೆಲಸವೇ ಬೇಡ ಅನ್ನಿಸುತ್ತದೆ.

ಉತ್ತರ: ಉಳಿದದ್ದೆಲ್ಲ ಆಮೇಲೆ. ಮೊದಲು ಆ ತೋಳಿನ ಗುರುತಿನ ವಿಷಯ. ವಾರ ಕಳೆದಿದೆ, ಇನ್ನು ತಡಮಾಡಬೇಡಿ. ಇವತ್ತೇ ಅವರನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಗುರುತು ಎಲ್ಲಿದೆ, ಎಷ್ಟು ದೊಡ್ಡದು, ಯಾವ ಬಣ್ಣಕ್ಕಿದೆ, ಮೊದಲು ಯಾರು ಯಾವಾಗ ನೋಡಿದರು ಎಂದು ದಿನಾಂಕ ಹಾಕಿ ಬರೆದಿಡಿ. ಅವರ ಮನೆಯವರಿಗೂ ಟ್ರಸ್ಟ್‌ನ ಕಾರ್ಯದರ್ಶಿಗೂ ಲಿಖಿತವಾಗಿ ತಿಳಿಸಿ. ಫೋನಿನಲ್ಲಿ ಹೇಳಿದ ಮಾತು ನಾಲ್ಕು ದಿನದಲ್ಲಿ ‘ಹಾಗೆ ಹೇಳಿರಲಿಲ್ಲವಲ್ಲ’ ಎಂದಾಗಿಬಿಡುತ್ತದೆ.

ಹಾಗಂತ ಯಾರೋ ಹೊಡೆದಿದ್ದಾರೆ ಎಂದು ಈಗಲೇ ತೀರ್ಮಾನಿಸಬೇಡಿ. ಫಿಟ್ಸ್ ಬಂದು ಬಿದ್ದಾಗ ಮೊಣಕೈ, ಮೊಣಕಾಲು, ಹಣೆಗೆ ಪೆಟ್ಟಾಗುವುದು ಸಾಮಾನ್ಯ. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾಗಿ ಸಣ್ಣ ಏಟಿಗೂ ಕಂದುಗಟ್ಟುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಆದರೆ ಗುರುತು ತೋಳಿನ ಮೇಲ್ಭಾಗದಲ್ಲಿ, ಒಳಬದಿಯಲ್ಲಿ ಇದ್ದು, ಬೆರಳು ಒತ್ತಿದ ಹಾಗೆ ಸಾಲಾಗಿ ಕಂಡರೆ, ಯಾರೋ ಬಿಗಿಯಾಗಿ ಹಿಡಿದು ಎಳೆದಿರುವ ಸಾಧ್ಯತೆ ಹೆಚ್ಚು. ಡಾಕ್ಟರಿಗೆ ಇದನ್ನು ನೇರವಾಗಿಯೇ ಕೇಳಿ. ವಿಷಯ ತಿಳಿಯಾಗುವವರೆಗೆ ಆ ನಿವಾಸಿಯ ಸ್ನಾನ, ಬಟ್ಟೆ, ಊಟದ ಕೆಲಸವನ್ನು ನೀವು ನಂಬುವ ಒಬ್ಬರಿಗೆ ಕೊಡಿ. ಅನುಮಾನ ಗಟ್ಟಿಯಾದರೆ ಆ ಸಿಬ್ಬಂದಿಯನ್ನು ಮೈಮುಟ್ಟಿ ಮಾಡುವ ಕೆಲಸದಿಂದ ದೂರ ಇಡಿ. ಇದು ಶಿಕ್ಷೆ ಅಲ್ಲ, ಇಬ್ಬರಿಗೂ ರಕ್ಷಣೆ ಎಂದು ಅವರಿಗೇ ಕೂರಿಸಿ ಹೇಳಿ.

ಮುಚ್ಚಿಹಾಕುವ ಒತ್ತಡ ಖಂಡಿತ ಬರುತ್ತದೆ. ‘ಹೋಮ್‌ಗೆ ಕೆಟ್ಟ ಹೆಸರು ಬರುತ್ತೆ’, ‘ಆಯಾ ಸಿಗೋದೇ ಕಷ್ಟ’ ಅನ್ನುತ್ತಾರೆ. ಆಗ ಕಾನೂನು ಗೊತ್ತಿರಬೇಕು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ 92ನೇ ಸೆಕ್ಷನ್ ಪ್ರಕಾರ, ಅಂಗವಿಕಲರನ್ನು ಅವಮಾನಿಸುವ ಉದ್ದೇಶದಿಂದ ಹಲ್ಲೆ ಮಾಡಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡ. ಅವರನ್ನು ನೋಡಿಕೊಳ್ಳುವ ಜವಾಬ್ದಾರಿ ಇರುವವರು ಬೇಕೆಂದೇ ಊಟ, ನೀರು ಕೊಡದಿದ್ದರೂ ಇದೇ ಶಿಕ್ಷೆ. ಎಷ್ಟೋ ಹೋಮ್‌ಗಳಲ್ಲಿ ‘ಸುಮ್ನಿರು, ಇಲ್ಲಾಂದ್ರೆ ಊಟ ಕೊಡಲ್ಲ’ ಅನ್ನುವುದು ದಿನದ ಮಾತಾಗಿದೆ. ಅದು ಬರೀ ಬಾಯಿಮಾತು ಎಂದುಕೊಳ್ಳುವವರಿಗೆ ಈ ಸೆಕ್ಷನ್ ಓದಿ ಹೇಳಬೇಕು.

ಇನ್ನು ಚಿಲಕದ ವಿಷಯ. ಇದರಲ್ಲಿ ಮಾತುಕತೆ, ಕಾಲಾವಕಾಶ ಯಾವುದೂ ಬೇಡ. ನಾಳೆ ಬಡಗಿಯನ್ನು ಕರೆಸಿ ಹೊರಗಿನ ಚಿಲಕ ತೆಗೆಸಿಬಿಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಅಸ್ವಸ್ಥರನ್ನು ಇಟ್ಟುಕೊಂಡಿದ್ದ ಜಾಗದಲ್ಲಿ ಬೆಂಕಿ ಬಿದ್ದು 28 ಜನ ಸತ್ತರು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಅವರಿಗೆ ಓಡಲು ಆಗಲಿಲ್ಲ. ಚಿಲಕ ಸರಪಳಿಯಲ್ಲ ನಿಜ. ಆದರೆ ಬೆಂಕಿ ಬಂದಾಗ, ಒಳಗೆ ಫಿಟ್ಸ್ ಬಂದಾಗ ಎರಡೂ ಒಂದೇ. ಅವರಿಗೆ ಗಲಾಟೆಯಿಂದ ದೂರ ಇರಬೇಕು ಅನ್ನಿಸಿದರೆ ಬಾಗಿಲು ತೆರೆದ ಒಂದು ಶಾಂತವಾದ ಕೋಣೆ ಇರಲಿ. ತಾನಾಗಿ ಹೋಗಬೇಕು, ತಾನಾಗಿ ಬರಬೇಕು, ಹೊರಗೆ ಯಾರಾದರೂ ಕೂತಿರಬೇಕು.

ಚಿಲಕ ತೆಗೆದ ಮೇಲೆ ಕಿರುಚಾಟ ಏನು ಮಾಡುವುದು? ಆ ಅಕ್ಕ ನಿಮ್ಮನ್ನು ಕೇಳುವ ಪ್ರಶ್ನೆ ಇದೇ, ಮತ್ತು ಅದು ನ್ಯಾಯವಾದ ಪ್ರಶ್ನೆ. ‘ಗದರಿಸದೆ ಕೇಳಲ್ಲ’ ಅನ್ನುವ ಮಾತು ಅರ್ಧ ನಿಜದಂತೆ ಕಾಣುತ್ತದೆ. ಗದರಿಸಿದರೆ ಆ ಕ್ಷಣಕ್ಕೆ ನಿಲ್ಲುತ್ತದೆ ಅಲ್ವಾ? ಅದಕ್ಕೇ ಸಿಬ್ಬಂದಿಗೆ ಅದರ ಮೇಲೆ ನಂಬಿಕೆ. ಆದರೆ ಕಿರುಚುವ ಕಾರಣ ಹಾಗೇ ಉಳಿದಿರುತ್ತದೆ. ನಾಳೆ ಸಂಜೆ ಮತ್ತೆ ಬರುತ್ತದೆ, ಇಲ್ಲವೇ ಆ ಅಕ್ಕ ರಜೆ ಹಾಕಿದ ದಿನ ಎರಡರಷ್ಟಾಗಿ ಬರುತ್ತದೆ. ಆಗ ‘ನೋಡಿ, ನಾನಿಲ್ಲದಿದ್ರೆ ಇವರು ಹೀಗೆ’ ಅನ್ನುವ ಮಾತು ಹುಟ್ಟುತ್ತದೆ.

ಕಾರಣ ಹುಡುಕಲು ಒಂದು ನೋಟ್‌ಬುಕ್ ಸಾಕು. ಕಿರುಚುವ ಮುಂಚೆ ಏನಾಗುತ್ತಿತ್ತು, ಅವರು ಏನು ಮಾಡಿದರು, ಆಮೇಲೆ ನೀವೆಲ್ಲ ಏನು ಮಾಡಿದಿರಿ, ಈ ಮೂರನ್ನು ಎರಡು ಮೂರು ವಾರ ಬರೆಯಿರಿ. ಬರೆಯಲು ಬಾರದ ಸಿಬ್ಬಂದಿ ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಅದರ ಜೊತೆಗೆ ನೋವು ಇದೆಯಾ ನೋಡಿ. ಮಾತು ಬಾರದವರಲ್ಲಿ ಹಲ್ಲುನೋವು, ಕಿವಿನೋವು, ಮಲಬದ್ಧತೆ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ಹೊಟ್ಟೆನೋವು, ಎಲ್ಲವೂ ‘ಹಟ’ ಎಂದೇ ಕಾಣುತ್ತವೆ. ಮನೋರೋಗ ವೈದ್ಯರು ಕೊಡುವ ಕೆಲವು ಮಾತ್ರೆಗಳಿಂದಲೇ ಮಲಬದ್ಧತೆ ಬರುತ್ತದೆ. ಕೆಲವದರಿಂದ ಮೈಯಲ್ಲಿ ಚಡಪಡಿಕೆ ಹುಟ್ಟಿ ಒಂದು ಕಡೆ ಕೂರಲು ಆಗುವುದಿಲ್ಲ. ಆಗ ‘ಗಲಾಟೆ ಜಾಸ್ತಿ ಆಯ್ತು’ ಎಂದು ಅದೇ ಮಾತ್ರೆ ಒಂದು ಹೆಚ್ಚಿಗೆ ಕೊಟ್ಟರೆ ಏನಾಗುತ್ತದೆ ಯೋಚಿಸಿ. ಡಾಕ್ಟರ್ ಬರೆದುಕೊಡದೆ ಒಂದು ಮಾತ್ರೆಯೂ ಹೆಚ್ಚಾಗಬಾರದು. ಕೊಟ್ಟ ಪ್ರತಿಯೊಂದಕ್ಕೂ ಹೊತ್ತು ಬರೆದು ಸಹಿ ಇರಬೇಕು.

ಒಂದು ಉದಾಹರಣೆ ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಹೋಮ್‌ನಲ್ಲಿ ಆಟಿಸಂ ಇದ್ದ ಒಬ್ಬರು ಸ್ನಾನಕ್ಕೆ ಕರೆದರೆ ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದು ಕಚ್ಚಲು ಬರುತ್ತಿದ್ದರು. ಇಬ್ಬರು ಹಿಡಿದುಕೊಂಡು, ಮೂರನೆಯವರು ನೀರು ಹಾಕುತ್ತಿದ್ದರು. ಸೂಪರ್‌ವೈಸರ್ ಒಂದು ವಾರ ತಾನೇ ಬೆಳಿಗ್ಗೆ ಅವರ ಸ್ನಾನಕ್ಕೆ ನಿಂತರು. ಬಚ್ಚಲಲ್ಲಿ ನಿಂತು ನೋಡಿದ ಮೇಲೆ ತಿಳಿಯಿತು. ಸಿಬ್ಬಂದಿ ಹಿಂದಿನಿಂದ, ಹೇಳದೆ ಕೇಳದೆ, ತಲೆಯ ಮೇಲೆ ಚೊಂಬು ನೀರು ಸುರಿಯುತ್ತಿದ್ದರು. ಸೂಪರ್‌ವೈಸರ್ ಬದಲಿಸಿದ್ದು ಇಷ್ಟೇ. ಮೊದಲು ಟವೆಲ್ ತೋರಿಸುವುದು. ಚೊಂಬನ್ನು ಅವರ ಕೈಗೇ ಕೊಡುವುದು. ಮೊದಲ ನೀರು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ತಲೆ ಕೊನೆಗೆ. ಮೊದಲ ದಿನ ಮೊಣಕಾಲಿಗೇ ನಿಂತಿತು. ಆಗಲಿ ಎಂದರು. ವಾರದ ಕೊನೆಗೆ ಒಬ್ಬರೇ ಸಿಬ್ಬಂದಿ ಸ್ನಾನ ಮಾಡಿಸುವಂತಾಯಿತು. ಹೊತ್ತು ಮೊದಲಿಗಿಂತ ಹೆಚ್ಚು ಹಿಡಿಯುತ್ತಿತ್ತು ನಿಜ, ಆದರೆ ಮೂವರ ಬದಲು ಒಬ್ಬರು.

ಇಲ್ಲಿ ನೀವು ಗಮನಿಸಬೇಕಾದದ್ದು ಸೂಪರ್‌ವೈಸರ್ ಎಲ್ಲಿ ನಿಂತಿದ್ದರು ಅನ್ನುವುದನ್ನು. ಆಫೀಸ್ ರೂಮಿನಲ್ಲಿ ಕೂತು ‘ಹಾಗೆ ಮಾಡಬೇಡಿ’ ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪೊಲೀಸ್ ಆಗಬೇಕಾ ಸ್ನೇಹಿತೆ ಆಗಬೇಕಾ ಎಂದು ಕೇಳಿದ್ದೀರಿ. ನನ್ನ ಅನುಭವದಲ್ಲಿ ಎರಡರಿಂದಲೂ ಕೆಲಸ ಕೆಡುತ್ತದೆ. ಪೊಲೀಸ್ ಥರ ಇದ್ದರೆ ತಪ್ಪುಗಳು ನಿಮ್ಮ ಕಣ್ಣಿಗೆ ಬೀಳದ ಹೊತ್ತಿಗೆ ಹೋಗಿ ಸೇರುತ್ತವೆ. ಬರೀ ಸ್ನೇಹವಾದರೆ ಹೇಳಬೇಕಾದ ದಿನ ನಾಲಿಗೆ ಏಳುವುದಿಲ್ಲ. ಪಕ್ಕದಲ್ಲಿ ನಿಂತು ಕೆಲಸ ಮಾಡಿ ತೋರಿಸುವವರ ಮಾತು ಮಾತ್ರ ನಡೆಯುತ್ತದೆ. ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದ ಜಿಮ್ ಮ್ಯಾನ್ಸೆಲ್ ಮತ್ತು ಅವರ ಜೊತೆಯವರು ಇಂಥ ಮನೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಸಿಬ್ಬಂದಿ ಸಂಖ್ಯೆ ಹೆಚ್ಚಿಸಿದ ಮಾತ್ರಕ್ಕೆ ನಿವಾಸಿಗಳ ದಿನ ಸುಧಾರಿಸುವುದಿಲ್ಲ, ಸಿಬ್ಬಂದಿ ಹೇಗೆ ಜೊತೆಗೂಡುತ್ತಾರೆ ಅನ್ನುವುದರಿಂದ ಸುಧಾರಿಸುತ್ತದೆ ಎಂದು ಅವರು ಕಂಡುಕೊಂಡರು. ಅದನ್ನು ಕಲಿಸಿ, ತಿದ್ದಿ, ಉಳಿಸಿಕೊಂಡು ಹೋಗುವುದು ಮೇಲ್ವಿಚಾರಕರ ಕೆಲಸ ಎಂದೂ ತೋರಿಸಿಕೊಟ್ಟರು.

ಇನ್ನೊಂದು ಮಾತು. ನಮ್ಮ ಕಡೆ ಹೋಮ್‌ಗಳಲ್ಲಿ ಉಚ್ಚೆ, ಮಲ ತೊಳೆಯುವ ಕೆಲಸಕ್ಕೆ ಮರ್ಯಾದೆ ಇಲ್ಲ. ಅದು ಯಾರ ಪಾಲಿಗೆ ಬೀಳುತ್ತದೆ ಅನ್ನುವುದರ ಹಿಂದೆ ಜಾತಿಯೂ ಇರುತ್ತದೆ, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ ಅಷ್ಟೇ. ಓದಿದ ಮೇಡಂ ಫೈಲ್ ಮುಟ್ಟುತ್ತಾರೆ, ಡೈಪರ್ ಮುಟ್ಟುವುದಿಲ್ಲ ಎಂದು ಸಿಬ್ಬಂದಿ ಮೊದಲ ವಾರವೇ ಗುರುತಿಸಿಬಿಟ್ಟಿರುತ್ತಾರೆ. ಆಮೇಲೆ ನೀವು ಘನತೆಯ ಬಗ್ಗೆ ಎಷ್ಟು ಹೇಳಿದರೂ ಅವರಿಗೆ ನಾಟುವುದಿಲ್ಲ. ವಾರಕ್ಕೆ ಒಂದೆರಡು ದಿನವಾದರೂ ನೀವೇ ಡೈಪರ್ ಬದಲಾಯಿಸಿ, ಊಟ ಮಾಡಿಸಿ. ಎಲ್ಲರಿಗೂ ಆ ಕೆಲಸ ಸರದಿಯ ಮೇಲೆ ಬರುವಂತೆ ಮಾಡಿ. ಹೆಂಗಸರ ಮೈಮುಟ್ಟುವ ಕೆಲಸವನ್ನು ಹೆಂಗಸರೇ ಮಾಡಬೇಕು ಅನ್ನುವುದನ್ನು ಮಾತ್ರ ಸಡಿಲಿಸಬೇಡಿ.

ಈಗ ಆ ಅಕ್ಕನ ವಿಷಯ. ಎಂಟು ವರ್ಷ ನಿಂತಿದ್ದಾರೆ ಅಂದರೆ ಅವರಿಗೆ ಆ ಒಂಬತ್ತು ಜನರ ಬಗ್ಗೆ ಗೊತ್ತಿರುವುದು ನಿಮಗೂ ಗೊತ್ತಿಲ್ಲ, ನನಗಂತೂ ಗೊತ್ತೇ ಇಲ್ಲ. ಯಾರಿಗೆ ಯಾವ ಪಲ್ಯ ಸೇರುವುದಿಲ್ಲ, ಯಾರ ಮುಖ ಹೇಗಾದರೆ ಫಿಟ್ಸ್ ಬರುತ್ತದೆ, ಇವೆಲ್ಲ ಅವರ ತಲೆಯಲ್ಲಿವೆ. ಅದನ್ನು ಗೌರವಿಸಿ, ಬಾಯಿಬಿಟ್ಟು ಹೇಳಿ. ಆಮೇಲೆ ತಿದ್ದಬೇಕಾದ್ದನ್ನು ತಿದ್ದಿ. ಎಲ್ಲರ ಮುಂದೆ ಬೇಡ, ನಿವಾಸಿಗಳ ಮುಂದೆ ಬೇಡವೇ ಬೇಡ. ಆದರೆ ಅದೇ ದಿನ ಆಗಬೇಕು. ಹೀಗೆ ಶುರು ಮಾಡಬಹುದು: ‘ಅಕ್ಕಾ, ಸಾಯಂಕಾಲ ಅಷ್ಟು ಜೋರು ಮಾಡಿದ್ರಲ್ಲ, ಏನಾಗಿತ್ತು?’ ಎಂದು ಕೇಳಿ ಸುಮ್ಮನಿರಿ. ಮೊದಲು ಸಿಟ್ಟು ಬರುತ್ತದೆ, ಆಮೇಲೆ ಮಾತು ಬರುತ್ತದೆ. ಬೆಳಿಗ್ಗೆ ಆರರಿಂದ ಕಾಲಮೇಲೆ ನಿಂತಿದ್ದು, ಒಬ್ಬರೇ ನಾಲ್ಕು ಜನರನ್ನು ನೋಡಿಕೊಂಡಿದ್ದು, ಮನೆಯಲ್ಲಿ ಗಂಡನಿಗೆ ಹುಷಾರಿಲ್ಲದ್ದು ಹೊರಗೆ ಬರಬಹುದು. ಎಲ್ಲ ಕೇಳಿಸಿಕೊಳ್ಳಿ. ಕೊನೆಗೆ ‘ಕಷ್ಟ ಇದೆ, ಒಪ್ಪಿದೆ. ಆದರೆ ರೂಮಿಗೆ ಹಾಕಿ ಚಿಲಕ ಹಾಕೋದು ಇನ್ನು ಮೇಲೆ ಈ ಮನೇಲಿ ಇಲ್ಲ. ನಾಳೆ ಆ ಹೊತ್ತಿಗೆ ನಾನೂ ನಿಮ್ಮ ಜೊತೆ ಇರ್ತೀನಿ’ ಅನ್ನಿ. ಮಾರನೆಯ ದಿನ ತಪ್ಪದೆ ಇರಿ.

ಹೀಗೆ ಮಾಡಿದಾಗ ಮೂರು ಥರ ಆಗುವುದನ್ನು ನೋಡಿದ್ದೇನೆ. ಹೆಚ್ಚಿನವರು ನಿಧಾನವಾಗಿ ಬದಲಾಗುತ್ತಾರೆ, ಏಕೆಂದರೆ ಗದರಿಸುವುದು ಅವರಿಗೂ ಸುಸ್ತಿನ ಕೆಲಸ. ಕೆಲವರು ನಿಮ್ಮ ಮುಂದೆ ಒಂದು, ಹಿಂದೆ ಒಂದು ಮಾಡುತ್ತಾರೆ. ಒಬ್ಬಿಬ್ಬರು ಬಿಟ್ಟು ಹೋಗುತ್ತಾರೆ, ಹೋಗುವಾಗ ಇನ್ನೊಬ್ಬರನ್ನು ಎಳೆದುಕೊಂಡೂ ಹೋಗಬಹುದು. ಟ್ರಸ್ಟಿಗಳ ಭಯ ಅದೇ. ಆ ಭಯ ಸುಳ್ಳಲ್ಲ. ಅದಕ್ಕೆ ಒಬ್ಬರನ್ನಾದರೂ ಮುಂಚಿತವಾಗಿ ತರಬೇತಿ ಕೊಟ್ಟು ಸಿದ್ಧವಾಗಿಟ್ಟುಕೊಳ್ಳಿ ಎಂದು ಟ್ರಸ್ಟ್‌ಗೆ ಹೇಳಿ. ಆದರೆ ಆ ಭಯಕ್ಕೆ ಹೊಡೆತ, ಕೂಡಿಹಾಕುವುದು, ಊಟ ತಪ್ಪಿಸುವುದು, ನಿವಾಸಿಗಳ ದುಡ್ಡು ಮುಟ್ಟುವುದನ್ನು ಸಹಿಸಿಕೊಳ್ಳಲು ಆಗುವುದಿಲ್ಲ. ಈ ನಾಲ್ಕಕ್ಕೆ ಎಂಟು ವರ್ಷದ ಸೇವೆಯೂ ಒಂದೇ, ಎಂಟು ದಿನದ ಸೇವೆಯೂ ಒಂದೇ.

ಸಿಬ್ಬಂದಿ ಯಾಕೆ ಹೋಗುತ್ತಾರೆ ಅನ್ನುವುದನ್ನೂ ನೇರವಾಗಿ ಮಾತಾಡೋಣ. ‘ಸೇವಾ ಮನೋಭಾವ ಇರೋರು ಸಿಗ್ತಿಲ್ಲ’ ಅನ್ನುವ ದೂರನ್ನು ನಾನು ಎಲ್ಲ ಕಡೆ ಕೇಳುತ್ತೇನೆ. ಸೇವೆ ಎಂದು ಹೇಳಿ ಕಡಿಮೆ ಸಂಬಳ, ವಾರದ ರಜೆ ಇಲ್ಲ, ಮಲಗಲು ಒಂದು ಚಾಪೆ ಎಂದರೆ ಯಾರು ಇರುತ್ತಾರೆ? ಗಾರ್ಮೆಂಟ್ಸ್‌ನಲ್ಲಿ ಕೆಲಸ ಹಗುರ ಎಂದೇನೂ ಅಲ್ಲ, ಆದರೆ ಅಲ್ಲಿ ಪಿಎಫ್ ಇದೆ, ಭಾನುವಾರ ಇದೆ, ಹೊತ್ತಿಗೆ ಮನೆಗೆ ಹೋಗಬಹುದು. ಸರ್ಕಾರ ನಿಗದಿ ಮಾಡುವ ಕನಿಷ್ಠ ವೇತನಕ್ಕಿಂತ ಕಡಿಮೆ ಇಲ್ಲದ ಸಂಬಳ, ವಾರಕ್ಕೊಂದು ಪೂರ್ತಿ ರಜೆ, ಲಿಖಿತ ನೇಮಕಪತ್ರ, ಇಷ್ಟಾದರೂ ಇರಲಿ. ಟ್ರಸ್ಟ್ ಸಭೆಯಲ್ಲಿ ನೀವು ಸಿಬ್ಬಂದಿಯ ಪರವಾಗಿ ಇದನ್ನು ಕೇಳಿದಿರಿ ಎಂದು ಅವರಿಗೆ ತಿಳಿದರೆ ನಿಮ್ಮ ಮಾತಿಗೆ ಬರುವ ತೂಕವೇ ಬೇರೆ.

ರಾತ್ರಿ ನಿದ್ದೆಯ ದೂರು ಬಂದಾಗ ಮೊದಲು ಡ್ಯೂಟಿ ಪಟ್ಟಿ ನೋಡಿ. ಹಗಲು ಮಾಡಿದವರನ್ನೇ ರಾತ್ರಿಗೂ ಹಾಕಿದ್ದರೆ ನಿದ್ದೆ ಅವರ ತಪ್ಪಲ್ಲ. ಹಗಲು ಬಿಡುವಿದ್ದೂ ಮಲಗಿದರೆ ಅದು ಬೇರೆ. ಮೂವರಿಗೆ ಫಿಟ್ಸ್ ಇರುವ ಮನೆಯಲ್ಲಿ ರಾತ್ರಿ ಒಬ್ಬರಾದರೂ ಎಚ್ಚರ ಇರಲೇಬೇಕು. ಫಿಟ್ಸ್ ಬಂದರೆ ಗಡಿಯಾರ ನೋಡುವುದು, ಒಂದು ಮಗ್ಗುಲಿಗೆ ತಿರುಗಿಸುವುದು, ಬಾಯಿಗೆ ಚಮಚ, ಕೈಗೆ ಕಬ್ಬಿಣ ಯಾವುದನ್ನೂ ಕೊಡದಿರುವುದು, ಐದು ನಿಮಿಷ ದಾಟಿದರೆ ಆಂಬುಲೆನ್ಸ್‌ಗೆ ಫೋನ್ ಮಾಡುವುದು, ಇವು ಎಲ್ಲರಿಗೂ ಬಾಯಿಪಾಠ ಆಗಿರಬೇಕು. ‘ಆಗಾಗ ರಾತ್ರಿ ಬರ್ತೀನಿ’ ಎಂದು ಮೊದಲೇ ಹೇಳಿಬಿಡಿ, ಹೇಳಿದ ಮೇಲೆ ಹೋಗಿ. ಹೋದಾಗ ತಪ್ಪು ಹುಡುಕುವ ಮೊದಲು ಫ್ಲಾಸ್ಕ್‌ನಲ್ಲಿ ಟೀ ಇದೆಯಾ, ಫೋನಿಗೆ ಚಾರ್ಜ್ ಇದೆಯಾ, ಕಷ್ಟಕ್ಕೆ ಯಾರಿಗೆ ಕರೆ ಮಾಡಬೇಕು ಗೊತ್ತಿದೆಯಾ ವಿಚಾರಿಸಿ.

ಸಿಸಿಟಿವಿ ಬಗ್ಗೆ: ಬಾಗಿಲು, ಅಡುಗೆಮನೆ, ಹಾಲ್, ವರಾಂಡಕ್ಕೆ ಹಾಕಿ, ತಪ್ಪೇನಿಲ್ಲ. ಮಲಗುವ ಕೋಣೆ, ಬಚ್ಚಲು, ಬಟ್ಟೆ ಬದಲಾಯಿಸುವ ಜಾಗಕ್ಕೆ ಬೇಡ. ಅದು ಅವರ ಮನೆ, ಅವರ ಮೈ. ಆದರೆ ಹೊಡೆತ, ಎಳೆದಾಟ ಹೆಚ್ಚಾಗಿ ಆಗುವುದೂ ಆ ಜಾಗಗಳಲ್ಲೇ. ಹಾಗಾಗಿ ಕ್ಯಾಮೆರಾ ನಿಮ್ಮ ಕಣ್ಣಿನ ಬದಲಿಗೆ ಬರಲಾರದು. ದೃಶ್ಯಗಳನ್ನು ಯಾರು ನೋಡಬಹುದು, ಎಷ್ಟು ದಿನ ಇಡಬೇಕು ಎಂದು ಬರೆದಿಡದೆ ಹಾಕಿಸಿದರೆ ನಾಳೆ ಯಾರದೋ ವಾಟ್ಸಾಪ್‌ನಲ್ಲಿ ಆ ವಿಡಿಯೋ ಓಡಾಡುತ್ತದೆ.

ಕ್ಯಾಮೆರಾಗಿಂತ ಹೆಚ್ಚು ಕಾಪಾಡುವುದು ಸಿಬ್ಬಂದಿಯೇ ಬಂದು ಹೇಳುವ ಧೈರ್ಯ. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಎಂಬ ಆಸ್ಪತ್ರೆಯಲ್ಲಿ ಬೌದ್ಧಿಕ ಅಂಗವೈಕಲ್ಯ ಇದ್ದವರಿಗೆ ಹಿಂಸೆ ಕೊಡುತ್ತಿದ್ದುದು 2011ರಲ್ಲಿ ಬಿಬಿಸಿಯ ಗುಪ್ತ ಕ್ಯಾಮೆರಾದಿಂದ ಹೊರಬಂತು. 11 ಸಿಬ್ಬಂದಿಗೆ ಶಿಕ್ಷೆಯಾಯಿತು. ಆದರೆ ಅದಕ್ಕೂ ಮೊದಲೇ ಅಲ್ಲಿನ ಒಬ್ಬ ಹಿರಿಯ ನರ್ಸ್ ಮೇಲಿನವರಿಗೂ ಇಂಥ ಆಸ್ಪತ್ರೆಗಳ ಮೇಲೆ ನಿಗಾ ಇಡುವ ಸಂಸ್ಥೆಗೂ ದೂರು ಕೊಟ್ಟಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಿಮ್ಮ ಹೋಮ್‌ನಲ್ಲಿ ಯಾರಾದರೂ ಬಂದು ಪಿಸುಗುಟ್ಟಿದರೆ ಅವರ ಹೆಸರು ಹೊರಗೆ ಬಿಡಬೇಡಿ, ಮತ್ತು ಅವರ ಡ್ಯೂಟಿ ಆ ವಾರ ಕೆಟ್ಟದಾಗದಂತೆ ನೋಡಿಕೊಳ್ಳಿ. ತಿಂಗಳಿಗೊಮ್ಮೆ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ‘ಈ ತಿಂಗಳು ಯಾರ ಜೊತೆ ಕಷ್ಟ ಆಯ್ತು?’ ಅನ್ನುವ ಒಂದು ಪ್ರಶ್ನೆಯಿಂದ ಎಷ್ಟೋ ವಿಷಯ ಹೊರಬರುತ್ತದೆ. ನಿವಾಸಿಗಳನ್ನೂ ಕೇಳಿ. ಮಾತು ಬಾರದವರು ಯಾವ ಸಿಬ್ಬಂದಿ ಬಂದಾಗ ಹತ್ತಿರ ಹೋಗುತ್ತಾರೆ, ಯಾರು ಬಂದಾಗ ಗೋಡೆಗೆ ಅಂಟಿಕೊಳ್ಳುತ್ತಾರೆ ನೋಡಿ. ಅದೂ ಉತ್ತರವೇ.

ಕೊನೆಯದಾಗಿ, ಕೆಲಸ ಬಿಡುವ ಯೋಚನೆ. ಈಗಲೇ ಬೇಡ. ಮೊದಲು ಟ್ರಸ್ಟ್‌ಗೆ ಪತ್ರ ಬರೆಯಿರಿ. ಸಿಬ್ಬಂದಿಯನ್ನು ಕೆಲಸದಿಂದ ದೂರ ಇಡುವ, ಡ್ಯೂಟಿ ಬದಲಿಸುವ ಅಧಿಕಾರ ನಿಮಗಿದೆಯಾ ಇಲ್ಲವಾ ಎಂದು ಲಿಖಿತ ಉತ್ತರ ಕೇಳಿ. ಅಧಿಕಾರ ಇಲ್ಲದೆ ಜವಾಬ್ದಾರಿ ಮಾತ್ರ ಹೊತ್ತರೆ ನೀವು ಮುರಿದುಹೋಗುತ್ತೀರಿ. 2016ರ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಹೋಮ್‌ಗೆ ನೋಂದಣಿ ಇದೆಯಾ ಎಂದೂ ಕೇಳಿ. ಟ್ರಸ್ಟಿಗಳು ತಂದೆತಾಯಿಗಳೇ ಆದ್ದರಿಂದ ಅವರ ಹೆದರಿಕೆ ಅರ್ಥ ಮಾಡಿಕೊಳ್ಳಿ. ‘ನಾವು ಹೋದ ಮೇಲೆ ಇವನ ಗತಿ ಏನು’ ಎಂದು ಪ್ರತಿ ರಾತ್ರಿ ಯೋಚಿಸುವವರು ಅವರು. ಆ ಅಕ್ಕನನ್ನು ಕಳೆದುಕೊಳ್ಳಲು ಹೆದರುವುದು ಅದಕ್ಕೇ. ಆದರೆ ಅವರಲ್ಲಿ ಯಾರ ಮಗ ಚಿಲಕದ ಹಿಂದೆ ಇರುತ್ತಾನೆ ಅನ್ನುವುದನ್ನು ಅವರ ಮುಂದೆ ಇಡುವ ಕೆಲಸ ನಿಮ್ಮದು.

ಅಷ್ಟಾದರೂ ಹೊಡೆತ ನಡೆಯುತ್ತಿದೆ, ಟ್ರಸ್ಟ್ ಕಣ್ಣುಮುಚ್ಚಿಕೊಂಡಿದೆ ಎಂದಾದರೆ ಬಿಟ್ಟು ಹೋಗಿ. ಆದರೆ ದೂರು ಕೊಡದೆ ಹೋಗಬೇಡಿ. ಅದೇ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ, ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣ ಇರುವ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ನಿಮ್ಮ ತಾಲ್ಲೂಕಿನ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ ಮಾಹಿತಿ ಕೊಡಬಹುದು. ಪೊಲೀಸ್ ಠಾಣೆಗೂ ಹೋಗಬಹುದು. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ ಒಂದು ಪ್ರತಿ ಕೊಡಿ. ದಿನಾಂಕ ಹಾಕಿ ಬರೆದಿಟ್ಟ ಆ ನೋಟ್‌ಬುಕ್‌ನ ಜೆರಾಕ್ಸ್ ಮಾಡಿ ದೂರಿಗೆ ಲಗತ್ತಿಸಿ. ಸ್ವೀಕೃತಿಯ ಸೀಲ್ ಹಾಕಿಸಿಕೊಂಡೇ ಬನ್ನಿ.